ಎದೆಯ ಮೇಲಿನ ಗೇರ್‌ಬಾಕ್ಸ್

ಗ್ಯಾರೇಜಿನವನು ಹೇಳಿದ ಮೊತ್ತ
ಕಾರಿನ ಬೆಲೆಗಿಂತ ಹೆಚ್ಚಾಗಿತ್ತು.
ಅದಕ್ಕೇ ಈ ಶನಿವಾರ, ಬೆಥೆಸ್ಡಾದಲ್ಲಿ,
ಮನೆಯ ಹಿಂದೆ ಇರುವಷ್ಟೇ ಮಟ್ಟಸ ಜಾಗದಲ್ಲಿ
ಮಗಳ ಹಳೇ ಹಾಸಿಗೆಯ ಸ್ಪಂಜು ಹಾಸಿಕೊಂಡು
ನಾನು ಕಾರಿನ ಹೊಟ್ಟೆಯ ಕೆಳಗೆ.

ಬ್ಯಾಟರಿ ಹೊರಗೆ. ಡ್ರೈವ್‌ಶಾಫ್ಟ್ ಎರಡೂ ಹೊರಗೆ.
ಎಣ್ಣೆ ಕೇಕಿನ ತಟ್ಟೆಗೆ ಇಳಿದಿದೆ,
ಬೆರಳಲ್ಲಿ ಉಜ್ಜಿದರೆ ಲೋಹದ ಮಿನುಗು.
ಬೋಲ್ಟುಗಳು ರಟ್ಟನ್ನು ಚುಚ್ಚಿಕೊಂಡು
ಬಿಚ್ಚಿದ ಕ್ರಮದಲ್ಲೇ ನಿಂತಿವೆ,
ಪಕ್ಕದಲ್ಲಿ ನನ್ನದೇ ಅಕ್ಷರ: ಉದ್ದದ್ದು ಮೇಲೆ. ಮರೀಬೇಡ.

ಬೇಕರಿಯ ರಾತ್ರಿಪಾಳಿಯ ತೋಳುಗಳಿವು.
ಇಪ್ಪತ್ತೈದು ಕಿಲೋ ಹಿಟ್ಟಿನ ಚೀಲ ಎತ್ತಿ ರೂಢಿ.
ಗೇರ್‌ಬಾಕ್ಸ್ ನಲವತ್ತು.
ಹದಿನೈದರ ವ್ಯತ್ಯಾಸ ತಾನೇ, ಅಂದುಕೊಂಡಿದ್ದೆ.

ಕೊನೆಯ ಬೋಲ್ಟು ಬಂತು.
ಅದು ಒಮ್ಮೆ ಅಲುಗಿ,
ಜಾಕಿನಿಂದ ಜಾರಿ, ನನ್ನೆದೆಯ ಮೇಲೆ ಕೂತಿತು,
ತೊಡೆಯೇರುವ ಮಗುವಿನಷ್ಟೇ ಸಲೀಸಾಗಿ.

ಎದೆ ಮೇಲೆ ಭಾರ ಅಂತ
ನಾನೂ ಎಷ್ಟೋ ಸಲ ಅಂದವಳೇ.
ಆಗೆಲ್ಲ ಹೇಳಿದ್ದು ಸುಳ್ಳು.

ಉಸಿರು ಅರ್ಧ. ಫೋನು ಅಡುಗೆಮನೆಯ ಕಿಟಕಿಯಲ್ಲಿ.
ಮಗಳು ಬ್ಯಾಂಗರಿನಲ್ಲಿ, ಈಜುಕೊಳದಲ್ಲಿ.
ಗೋಡೆಯಾಚೆ ಇಥೆಲ್‌ನ ರೇಡಿಯೋ.
ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ,
ಕಸದ ಡಬ್ಬಿ ಎಲ್ಲಿಡಬೇಕು ಅನ್ನೋ ವಿಷಯಕ್ಕೆ.
ಇಷ್ಟಕ್ಕೇನಾ ಅನ್ನಬೇಡಿ,
ನಿಮ್ಮ ಬೀದಿಯಲ್ಲೂ ಒಂದು ಡಬ್ಬಿ ಇದ್ದೇ ಇರುತ್ತದೆ.

ಹೆಸರು ಕೂಗಲು ಎರಡು ಉಸಿರು ಕೂಡಿಡಬೇಕಾಯಿತು.
ರೇಡಿಯೋ ನಿಂತಿತು.
ಮೊದಲು ಕಂಡದ್ದು ಮನೆಯೊಳಗೆ ಹಾಕುವ ಚೌಕುಳಿ ಚಪ್ಪಲಿ,
ಆಮೇಲೆ ಕಲ್ಲುಗಣಿಯಲ್ಲಿ ಸವೆದ ಮಂಡಿ, ಟಕ್ಕೆಂದು ಮಡಚಿ,
ಆಮೇಲೆ ಮುಖ, ಅಡ್ಡಡ್ಡ.
"ಜಾಕಿಗೊಂದು ಹಲಗೆ ಕೊಡಬೇಕಿತ್ತು, ಮೆರೆರಿಡ್" ಅಂದ.
ನಾಲ್ಕು ವರ್ಷ ಅದುಮಿಟ್ಟದ್ದರಲ್ಲಿ ಮೊದಲ ಮಾತು ಇದು.

ಎತ್ತಿ ಬದಿಗಿಟ್ಟೆವು. ಅವನು ಹೋಗಲಿಲ್ಲ.

ಕ್ಲಚ್ಚು ಬಿಚ್ಚಿದೆ, ಕರೀ ಧೂಳು.
ಊದಲು ಬಾಯಿ ಮುಂದೆ ಮಾಡಿದ್ದೆ,
ಅವನ ಕೈ ಅಡ್ಡ ಬಂತು, ಕೈಯಲ್ಲಿ ಒದ್ದೆ ಬಟ್ಟೆ.
"ಒರೆಸು. ನಮ್ಮಪ್ಪನನ್ನು ತಿಂದದ್ದು ಧೂಳೇ."
ತಟ್ಟೆಯ ರಿವೆಟ್ಟುಗಳು ಹೊಳೆಯುತ್ತಿದ್ದವು,
ಸವೆದ ಹಿಮ್ಮಡಿಯಿಂದ ಎದ್ದ ಮೊಳೆಗಳಂತೆ.
ಫ್ಲೈವೀಲಿನ ಮೈತುಂಬ ನೀಲಿ ಬರೆ.
ಕೈಯಲ್ಲಿ ತಿರುಗಿಸಿದರೆ ನಾಲ್ಕು ಬೆರಳು ಸಡಿಲ,
ಒಳಗಿನ ಸ್ಪ್ರಿಂಗು ಗೊಣಗುತ್ತದೆ,
ಉತ್ತರ ಕೊಡುವ ಆಸೆಯಿಲ್ಲದವರ ಹಾಗೆ.

ಹೊಸದಕ್ಕೆ ಹೊಸ ಬೋಲ್ಟು.
ಟಾರ್ಕ್ ರೆಂಚು ಕ್ಲಿಕ್ಕೆನ್ನುವವರೆಗೆ, ಮೇಲೆ ಕಾಲು ಸುತ್ತು.
ಆ ಕಾಲು ಸುತ್ತನ್ನು ಅವನು ಸ್ಲೇಟು ಚಕ್ಕೆಯ ಮೇಲೆ
ಬಳಪದಲ್ಲಿ ಬರೆದು ಎತ್ತಿ ಹಿಡಿದ.
ತಟ್ಟೆ ನಡುವಿಗೆ ಬರಲು ಪೊರಕೆಯ ಕೋಲು,
ಟೇಪು ಸುತ್ತಿ, ಬಿಚ್ಚಿ, ಸುತ್ತಿ.
ಯಾವ ಮುಖ ಒಳಗೆ ಅನ್ನುವುದಕ್ಕೆ ಜಗಳವಾಯಿತು.
ತಟ್ಟೆಯ ಮೇಲೆ ಬರೆದದ್ದು ಜರ್ಮನ್.
ಅವನಿಗೂ ಬಾರದು, ನನಗೂ ಬಾರದು.
ಜೋರಾಗಿಯೇ ಜಗಳವಾಡಿದೆವು, ಗೆದ್ದವಳು ನಾನು,
ರಾತ್ರಿಯಿಡೀ ನಿದ್ದೆಗೆಟ್ಟವಳೂ ನಾನು.

ಭಾನುವಾರ ಗೇರ್‌ಬಾಕ್ಸ್ ಹತ್ತು ಸಲ ಮುನಿಸಿಕೊಂಡಿತು.
ಹನ್ನೊಂದನೇ ಸಲ, ಬೈಗುಳ ಮುಗಿದು
ಇಬ್ಬರೂ ಸುಮ್ಮನಾದ ಹೊತ್ತಿಗೆ,
ತಾನಾಗಿ ಒಳಸರಿಯಿತು.
ಒಂದು ಬೋಲ್ಟು ಉಳಿದಿದೆ ರಟ್ಟಿನಲ್ಲಿ.
ನೋಡಿದೆವು. ಇಬ್ಬರೂ ಅದರ ಮಾತೆತ್ತಲಿಲ್ಲ.

ಸೋಮವಾರ ನಸುಕಿಗೆ ಇಂಜಿನ್ ಎರಡು ಸಲ ಸತ್ತಿತು:
ಹೊಸ ಕ್ಲಚ್ಚು ಹಿಡಿಯುವುದು ತೀರಾ ಕೆಳಗೆ,
ಹಳೇ ಕಾಲಿಗೆ ಹೊಸ ಪಾಠ.
ಬೀದಿಯಲ್ಲಿ ಇಥೆಲ್‌ನ ಡಬ್ಬಿ,
ಅದೇ ಜಾಗದಲ್ಲಿ, ಒಂದಂಗುಲವೂ ಸರಿದಿಲ್ಲ.
ಕಾಲನ್ನು ಮೆಲ್ಲಗೆ ಬಿಟ್ಟೆ.
ಕಾರು ನಡುಗದೆ ಹೊರಟಿತು.
ಡಬ್ಬಿಯನ್ನು ಬಳಸಿಕೊಂಡು ಹೋದೆ.